ಮಾತ್ರೆಗೆ ಪ್ರಾಕ್ಸಿ ನಡೆಯಲ್ಲ

ನಮ್ಮ ಹಾಸ್ಟೆಲ್ ಬೆಕ್ಕಿಗೆ ಪ್ರಾಕ್ಸಿ ಅಂತ ಹೆಸರಿಟ್ಟಿದ್ದು ನಾವೇ. ನಾವು ಬಂಕ್ ಹೊಡೆದ ದಿನವೂ ಅದು ಕ್ಲಾಸಿಗೆ ಹೋಗಿ ಕೊನೇ ಬೆಂಚಲ್ಲಿ ಮಲಗಿರ್ತಿತ್ತು. ಈ ಸೆಮಿಸ್ಟರ್ ಅದು ಬಾಯಿ ತೆರೆದು ಏದುಸಿರು ಬಿಡೋಕೆ ಶುರು ಮಾಡಿದಾಗ ಎಲ್ಲರೂ ದುಡ್ಡು ಹಾಕಿ ಪಶುವೈದ್ಯರ ಹತ್ತಿರ ಒಯ್ದೆವು. ಎಕೋ ಮಾಡಿ ಡಾಕ್ಟರು ಹೇಳಿದ್ದು: ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ. ಬೆಕ್ಕುಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಹೃದ್ರೋಗ ಇದೇ.

ಹೃದಯದ ಗೋಡೆ ದಪ್ಪವಾಗುತ್ತೆ, ಒಳಗೆ ರಕ್ತ ತುಂಬಲು ಜಾಗ ಸಾಲಲ್ಲ. ಹಿಂದೆ ಒತ್ತಡ ಏರಿ ಶ್ವಾಸಕೋಶದಲ್ಲಿ ನೀರು ಸೇರುತ್ತೆ. ನಿಧಾನವಾದ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಹಿಂಗಾಲುಗಳಿಗೆ ಹೋಗುವ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಲುಗಳೇ ಬಿದ್ದುಹೋಗುತ್ತವೆ. ಅದಕ್ಕೇ ಎರಡು ಔಷಧಿ: ನೀರು ಇಳಿಸೋಕೆ ಫ್ಯೂರೋಸಮೈಡ್, ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್. ಎರಡನೆಯದು ಮನೆಯಲ್ಲಿ ಅಜ್ಜಂದಿರು ನುಂಗುವ ಅದೇ ಮಾತ್ರೆ, 75 ಮಿಲಿಗ್ರಾಮಿನ ಕಾಲು ಭಾಗ. ವಿಪರೀತ ಕಹಿ. ಪ್ರಾಕ್ಸಿ ಬಾಯಲ್ಲಿ ನೊರೆ ತರಿಸಿಕೊಂಡು ಉಗೀತದೆ.

ಈ ನೊರೆ ನೋಡಿಯೇ ನಮಗೆ ಭಯ ಹತ್ತಿದ್ದು. ಜೊತೆಗೆ ಯಾರೋ ‘ಕಿಡ್ನಿ ಹೋಗುತ್ತಂತೆ, ನಿಲ್ಲಿಸ್ರೋ’ ಅಂದರು. ಅಷ್ಟರಲ್ಲಿ ಇಂಟರ್ನಲ್ಸ್ ಬಂತು. ಒಂದು ದಿನ ಇಬ್ಬರು ಗೊತ್ತಿಲ್ಲದೆ ಎರಡು ಸಲ ಮಾತ್ರೆ ಕೊಟ್ಟರು, ಮುಂದಿನ ಎರಡು ದಿನ ಯಾರೂ ಕೊಡಲಿಲ್ಲ. ಪ್ರೀತಿ ಎಲ್ಲರಿಗೂ ಇತ್ತು, ಜವಾಬ್ದಾರಿ ಯಾರ ಹೆಸರಲ್ಲೂ ಇರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಹೆದರಿ ಮಾತ್ರೆ ನಿಲ್ಲಿಸೋದೂ ಒಂದು ಚಿಕಿತ್ಸೆಯ ತೀರ್ಮಾನವೇ, ಅದು ನಮ್ಮದಲ್ಲ. ಕಿಡ್ನಿಯ ಭಯ ಸುಳ್ಳೇನಲ್ಲ, ಅದಕ್ಕೇ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಪ್ರಮಾಣ ನೋಡ್ತಾರೆ. ಸಂಶಯ ಬಂದರೆ ಅವರಿಗೇ ಫೋನ್ ಮಾಡೋಣ. ಹಾಸ್ಟೆಲ್ ಡಬ್ಬಿಯ ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ.

ನಾವು ಮಾಡಬಹುದಾದ್ದು ಎಣಿಕೆ. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ 30 ಸೆಕೆಂಡು ಉಸಿರು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸಮಾಧಾನ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ಡಾಕ್ಟರಿಗೆ ಹೇಳಬೇಕು. ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ಎಳೆದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ಈಗ ಮೆಸ್ ಬಾಗಿಲಿಗೆ ಒಂದು ಶೀಟ್ ಅಂಟಿಸಿದ್ದೇವೆ. ಕೊಟ್ಟವರ ಸಹಿ, ಸಮಯ, ಉಸಿರಿನ ಲೆಕ್ಕ. ಸಹಿ ಇದ್ದರೆ ಇನ್ನೊಬ್ಬರು ಕೊಡುವ ಹಾಗಿಲ್ಲ. ಆದರೆ ನಿಜವಾದ ಪರೀಕ್ಷೆ ಸೆಮ್ ರಜೆ. ನಾವೆಲ್ಲ ಊರಿಗೆ ಹೊರಟರೂ ಅದರ ಹೃದಯಕ್ಕೆ ರಜೆ ಇಲ್ಲ. ಮೊದಲ ವಾರ ಮೆಸ್ ಅಣ್ಣ ನೋಡ್ಕೋತೀನಿ ಅಂದಿದ್ದಾರೆ, ಎರಡನೇ ವಾರ ಪಕ್ಕದ ಊರಿನ ಜೂನಿಯರ್ ಒಬ್ಬಳು ಮನೆಗೆ ಒಯ್ಯುತ್ತಾಳೆ. ಮನೆಯಲ್ಲಿ ಕೇಳಿ ಒಪ್ಪಿಸಿದ್ದಾಳಂತೆ.

ನಿನ್ನೆ ರಾತ್ರಿಯ ಲೆಕ್ಕ 26. ಶೀಟಿನಲ್ಲಿ ರಜೆಯ ಮೂರನೇ ವಾರ ಇನ್ನೂ ಖಾಲಿ ಇದೆ.