ಹಾಲಿಗೆ ಡಿಗ್ರಿ, ನೀರಿಗೆ ಬರೀ ಸೀಲು

ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಗಾಗುತ್ತಲೇ ಪರೀಕ್ಷೆ ಶುರು. ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ನೋಡಿ, ಒಂದು ಗೆರೆ ಕಡಿಮೆ ಬಂದರೆ ಅಲ್ಲೇ ದುಡ್ಡು ಕಡಿತ, ಇಲ್ಲವೇ ಹಾಲು ವಾಪಸ್. ಕುಡಿಯುವ ಪದಾರ್ಥ, ಪರೀಕ್ಷೆ ಆಗಲೇಬೇಕು, ನಾವು ಬೇಡ ಅನ್ನುವುದಿಲ್ಲ. ಆದರೆ ಬಾಟಲಿ ನೀರಿನ ಕಥೆ ನೋಡಿ.

2025ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 296 ಮಾದರಿ ಎತ್ತಿತು. 255ರ ಫಲಿತಾಂಶವನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದರು: 95 ಅಸುರಕ್ಷಿತ, 88 ಕಳಪೆ, ನೆಟ್ಟಗಿದ್ದದ್ದು 72. ನೂರಕ್ಕೆ ಎಪ್ಪತ್ತಕ್ಕೂ ಮೇಲೆ ಫೇಲು! ನಮ್ಮ ಹಾಲು ಹೀಗಿದ್ದರೆ ಸಂಘಕ್ಕೇ ಬೀಗ ಬೀಳುತ್ತಿತ್ತು.

2001ರಿಂದ ಐಎಸ್‌ಐ ಗುರುತಿಲ್ಲದೆ ಬಾಟಲಿ ನೀರು ಮಾರುವಂತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ದೆಹಲಿಯವರು ಆ ಕಡ್ಡಾಯ ತೆಗೆದರು. ಮರುತಿಂಗಳೇ ಅದೇ ನೀರನ್ನು ಹೆಚ್ಚು ಅಪಾಯದ ಆಹಾರದ ಪಟ್ಟಿಗೆ ಸೇರಿಸಿ, ವರ್ಷಕ್ಕೊಮ್ಮೆ ತಪಾಸಣೆ ಅಂದರು. ಕಾವಲುಗಾರನನ್ನು ಬಿಡಿಸಿ, ಕಳ್ಳರಿದ್ದಾರೆ ಎಚ್ಚರಿಕೆ ಅಂತ ಬೋರ್ಡು ಹಾಕಿದ ಹಾಗಾಯಿತು.

ಪಟ್ಟಣದವರ ಗೋಳು ನಮಗ್ಯಾಕೆ ಅನ್ನಬೇಡಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿಸಿ ಸುಮಾರು ನೂರು ಕಿಲೋಮೀಟರು ಕಾವೇರಿಯನ್ನು ಎತ್ತಿ ತರುತ್ತಾರೆ. 2024ರಲ್ಲಿ ಐದನೇ ಹಂತವೂ ಬಂತು, ದಿನಕ್ಕೆ 77.5 ಕೋಟಿ ಲೀಟರ್. ಆದರೂ ಬಿಟಿಎಂ ಲೇಔಟಿನ ಪಿ.ಜಿ.ಗಳಲ್ಲಿ, ಜೆ.ಪಿ. ನಗರದ ಕೊನೇ ಹಂತಗಳಲ್ಲಿ ಕುಡಿಯಲು 20 ಲೀಟರಿನ ಕ್ಯಾನೇ ಗತಿ. ಆ ಕ್ಯಾನಿನ ನೀರು ಕುಡಿಯುವವರಲ್ಲಿ ಸಾಲಕ್ಕೆ ಹೆದರಿ ಊರು ಬಿಟ್ಟ ನಮ್ಮ ಮಕ್ಕಳೂ ಇದ್ದಾರೆ. ಗಾರೆ ಕೆಲಸದವರು, ಸೆಕ್ಯುರಿಟಿಯವರು, ಡೆಲಿವರಿ ಹುಡುಗರು. ಜಯನಗರದ ದೊಡ್ಡ ಮನೆಗೆ ನಲ್ಲಿಯೂ ಇದೆ, ಫಿಲ್ಟರೂ ಇದೆ.

ಇನ್ನು ಬೆಲೆ. 2024ರ ಮಾರ್ಚ್ ಬರದಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಲೀಟರಿಗೆ ಹತ್ತು ಪೈಸೆಯೂ ಬೀಳಲಿಲ್ಲ. ಅಂಥದೇ ಬೋರ್‌ವೆಲ್ ನೀರು ಸೀಲು ಹಾಕಿಸಿಕೊಂಡರೆ ಲೀಟರಿಗೆ ಹದಿನೆಂಟು ಇಪ್ಪತ್ತು! ಬೆಲೆ ಅಚ್ಚು ಹಾಕುವವನೂ ಮಾಲೀಕನೇ. ನಾವು ರಾಗಿ ಮೂಟೆಯ ಮೇಲೆ ಹಾಗೆ ಬೆಲೆ ಅಚ್ಚು ಹಾಕಿದ್ದುಂಟಾ? ಮೇಲಾಗಿ ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ಮಾಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಆನೇಕಲ್ಲಿನಂಥ ತಾಲ್ಲೂಕಿನಲ್ಲಿ ಅಂತರ್ಜಲ ತಳ ಕಂಡಿರುವಾಗ ಇದರ ಲೆಕ್ಕ ಯಾರಿಟ್ಟಿದ್ದಾರೆ?

2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಾಟಲಿ ನೀರಿನಲ್ಲಿ ಲಿಂಡೇನ್, ಡಿಡಿಟಿ, ಮೆಲಾಥಿಯಾನ್ ಪತ್ತೆ ಹಚ್ಚಿತು. ರೈತ ವಿಷ ಸುರಿದ ಅನ್ನುವವರಿದ್ದಾರೆ. ಸುರಿಯಿರಿ ಅಂತ ಕಲಿಸಿದ್ದು ಸರ್ಕಾರ, ಸಾಲದ ಮೇಲೆ ಕೊಟ್ಟದ್ದು ಅಂಗಡಿ.

ಪಟ್ಟಣ ಬಳಸಿ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಬನಶಂಕರಿ, ಬಸವನಗುಡಿ ಕಡೆಯ ಕೊಳಚೆ ವೃಷಭಾವತಿ ಹಿಡಿದು ಬೈರಮಂಗಲ ಕೆರೆಗೆ. (ಆ ರಾಮನಗರ ಜಿಲ್ಲೆಗೇ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಬಂತು, ನೀರು ಬದಲಾಗಲಿಲ್ಲ.) ಕೋರಮಂಗಲ ಕಣಿವೆಯದು 2018ರಿಂದ ಕೋಲಾರದ ಕೆರೆಗಳಿಗೆ, ಎರಡೇ ಹಂತದ ಶುದ್ಧೀಕರಣದಲ್ಲಿ. ಮೂರನೇ ಹಂತ ಬೇಕು ಅಂತ ಕೋಲಾರದವರು ಕೂಗುತ್ತಲೇ ಇದ್ದಾರೆ.

ಐಎಸ್‌ಐ ಕಡ್ಡಾಯ ವಾಪಸ್ ಬರಲಿ. ಫೇಲಾದ ನೀರಿನ ಹೆಸರು, ತಯಾರಾದ ತಾರೀಖು ವಾರ್ಡು ಕಚೇರಿಯ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಲಿ. ನೀರು ತುಂಬುವ ಘಟಕದ ಬೋರ್‌ವೆಲ್ಲಿಗೆ ಮೀಟರ್ ಕೂರಿಸಿ, ಆ ಹಣ ಆಯಾ ಗ್ರಾಮ ಪಂಚಾಯ್ತಿಗೆ ಸೇರಲಿ. ಬಾಟಲಿ ನೀರು ಪರೀಕ್ಷಿಸುವ ದಿನವೇ ಬೈರಮಂಗಲದ ನೀರನ್ನೂ ಪರೀಕ್ಷಿಸಿ, ಎರಡೂ ಫಲಿತಾಂಶವನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಲಿ.