ಖಬರಿಲ್ಲದ ಓದು

ನಮ್ಮ ಹೈಸ್ಕೂಲು ಮಕ್ಕಳು ಬಾಯಿಪಾಠ ಮಾಡುವ ಪ್ರಬಂಧಗಳಲ್ಲಿ 'ವೃತ್ತಪತ್ರಿಕೆಗಳ ಮಹತ್ವ' ಎಂಬುದೂ ಒಂದು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಭಾಗ ಮಾಡಿ, ಪತ್ರಿಕೆಯು ಪ್ರಜಾಪ್ರಭುತ್ವದ ನಾಲ್ಕನೆಯ ಅಂಗವೆಂದೂ ಜ್ಞಾನದ ಭಂಡಾರವೆಂದೂ ಬರೆದರೆ ಅಂಕ ಬೀಳುತ್ತದೆ. ಹಾಗೆ ಬರೆದ ವಿದ್ಯಾರ್ಥಿ ಆ ವರ್ಷ ಒಂದಾದರೂ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿರಬೇಕೆಂಬ ನಿಯಮವೇನೂ ಇಲ್ಲ. ಗೈಡ್ ಓದಿದ್ದರೆ ಸಾಕು. ಪತ್ರಿಕೆ ಓದದೆಯೇ ಪತ್ರಿಕೆಯ ಮಹತ್ವ ಬರೆಯಬಲ್ಲ ಪೀಳಿಗೆಯನ್ನು ತಯಾರು ಮಾಡಿದ ಕೀರ್ತಿ ನಮ್ಮ ಶಿಕ್ಷಣ ವ್ಯವಸ್ಥೆಗೇ ಸಲ್ಲಬೇಕು.

ಶಾಲೆಯೊಳಗೆ ಪತ್ರಿಕೆ ಬರುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬರುತ್ತದೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿ ನಾಲ್ಕೈದು ಶೀರ್ಷಿಕೆಗಳನ್ನು ಗಟ್ಟಿಯಾಗಿ ಓದುತ್ತಾನೆ. ಆಮೇಲೆ ಅದೇ ಪತ್ರಿಕೆ ಸಾಮಾನ್ಯ ಜ್ಞಾನದ ನೋಟ್‌ಬುಕ್ಕಿಗೆ ಅಂಟಿಸುವ ತುಣುಕಾಗುತ್ತದೆ. ಯಾರಿಗೆ ಯಾವ ಪ್ರಶಸ್ತಿ ಬಂತು, ಯಾವ ದೇಶಕ್ಕೆ ಯಾರು ಪ್ರಧಾನಿಯಾದರು ಎಂಬಷ್ಟನ್ನು ಹೆಕ್ಕಿಕೊಂಡರೆ ಪತ್ರಿಕೆಯ ಕೆಲಸ ಮುಗಿಯಿತು. ಒಂದು ವರದಿಯನ್ನು ಎದುರಿಗಿಟ್ಟುಕೊಂಡು, ಅದರ ವಾಕ್ಯಗಳನ್ನು ಬಿಡಿಸಿ ನೋಡಿ, ಇದು ನಿಜವೇ, ಇಷ್ಟೇ ನಿಜವೇ ಎಂದು ಕೇಳುವುದಕ್ಕೆ ಟೈಂಟೇಬಲಿನಲ್ಲಿ ಜಾಗವಿಲ್ಲ.

ಇದರ ಫಲ ಏನೆಂದು ನೋಡೋಣ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ 2023ರಲ್ಲಿ ನಡೆದ 'ಅಸರ್' ಸಮೀಕ್ಷೆಯ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಈ ವಯಸ್ಸಿನ ಸುಮಾರು ಕಾಲುಭಾಗ ಮಕ್ಕಳು ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೆಯ ತರಗತಿಯ ಮಟ್ಟದ ಪಠ್ಯವನ್ನೂ ಸರಾಗವಾಗಿ ಓದಲಾರರು. ಆದರೆ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದು, ಅದನ್ನು ಬಳಸಬಲ್ಲವರು ಶೇ. 90ರ ಹತ್ತಿರ ಇದ್ದಾರೆ. ಎಂದರೆ ಓದು ಬಾರದವನ ಕೈಗೂ ಸುದ್ದಿ ಬಂದು ಬೀಳುತ್ತಿದೆ. ಓದು ಬಂದವನ ಸ್ಥಿತಿಯಾದರೂ ಏನು? ಪರೀಕ್ಷೆಯಲ್ಲಿ ಅವನಿಗೆ ಒಂದು ಗದ್ಯಭಾಗ ಕೊಡುತ್ತಾರೆ. ಉತ್ತರ ಅದರೊಳಗೇ ಇರುತ್ತದೆ. ಹುಡುಕಿ ಅಡಿಗೆರೆ ಎಳೆದು ನಕಲು ಮಾಡಿದರೆ ಪೂರ್ಣ ಅಂಕ. ಗದ್ಯಭಾಗವೇ ಸುಳ್ಳು ಹೇಳುತ್ತಿರಬಹುದು ಎಂಬ ಸಂಶಯಕ್ಕೆ ಅಲ್ಲಿ ಅಂಕವಿಲ್ಲ. ಹತ್ತು ವರ್ಷ ಹೀಗೆ ಪಳಗಿದ ಕಣ್ಣು ನಾಳೆ ವಾಟ್ಸಾಪಿನಲ್ಲಿ ಬಂದದ್ದನ್ನೂ ಅದೇ ಭಕ್ತಿಯಿಂದ ಓದುತ್ತದೆ.

ಕನ್ನಡದ ಸುದ್ದಿಭಾಷೆಯನ್ನೇ ತೆಗೆದುಕೊಳ್ಳಿ. 'ಎನ್ನಲಾಗಿದೆ', 'ಎಂದು ತಿಳಿದುಬಂದಿದೆ' ಎಂಬ ಪದಗಳಿಲ್ಲದ ಅಪರಾಧ ಸುದ್ದಿ ಉಂಟೆ? ಅಂದವರು ಯಾರು? ತಿಳಿದುಬಂದದ್ದು ಯಾರಿಗೆ, ಯಾರಿಂದ? ವ್ಯಾಕರಣ ಪಾಠದಲ್ಲಿ ಕರ್ತರಿ, ಕರ್ಮಣಿ ಪ್ರಯೋಗಗಳನ್ನು ರಾಮನಿಂದ ಮರ ಕಡಿಸಿ ಕಲಿಸುವ ನಾವು, ಕರ್ತೃವನ್ನು ಅಡಗಿಸಿಟ್ಟ ಇಂಥ ಒಂದು ಸುದ್ದಿಯನ್ನು ಕರಿಹಲಗೆಯ ಮೇಲೆ ಬರೆದು ಇಲ್ಲಿ ಮಾತಾಡಿದವನನ್ನು ಹುಡುಕಿರಿ ಎಂದು ಮಕ್ಕಳಿಗೆ ಏಕೆ ಹೇಳಬಾರದು? ಶೀರ್ಷಿಕೆಯ ತುದಿಗಿರುವ ಪ್ರಶ್ನಾರ್ಥಕ ಚಿಹ್ನೆಯೂ ಹೀಗೆಯೇ. 'ಉಗ್ರರ ನಂಟು?' ಎಂದು ದಪ್ಪಕ್ಷರದಲ್ಲಿ ಅಚ್ಚಾದಾಗ ಓದುಗನ ತಲೆಯಲ್ಲಿ ನಂಟು ಉಳಿಯುತ್ತದೆ, ಚಿಹ್ನೆ ಉದುರಿಹೋಗುತ್ತದೆ.

ಇನ್ನೊಂದು ಪದ 'ಅನ್ಯಕೋಮು'. 'ಅನ್ಯಕೋಮಿನ ಯುವಕ', 'ಅನ್ಯಕೋಮಿನ ಗುಂಪು' ಎಂದು ಎಷ್ಟು ಸಲೀಸಾಗಿ ಬರೆಯುತ್ತಾರೆ! ಯಾರಿಗೆ ಅನ್ಯ? ಬರೆದವನಿಗೋ, ಓದುವವನಿಗೋ? ಒಂಬತ್ತನೆಯ ತರಗತಿಯ ಮುಸ್ಲಿಂ ಹುಡುಗಿಯೊಬ್ಬಳು ಈ ಪದವನ್ನು ಓದಿದಾಗ, ಈ ಪತ್ರಿಕೆ ಮಾತಾಡುತ್ತಿರುವುದು ನನ್ನ ಜೊತೆ ಅಲ್ಲ, ನನ್ನ ಬಗ್ಗೆ ಎಂಬುದು ಅವಳ ಎದೆಗೆ ಗೊತ್ತಾಗುತ್ತದೆ. ಆದರೆ ಅದನ್ನು ಹೇಳಲು ಅವಳಿಗೆ ಮಾತು ಕೊಟ್ಟವರಿಲ್ಲ. ಪಕ್ಕದಲ್ಲಿ ಕುಳಿತ ಹಿಂದೂ ಗೆಳತಿಗೆ ಆ ಪದದಲ್ಲಿ ಮುಳ್ಳಿದೆ ಎಂಬುದೇ ಕಾಣುವುದಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಆ ವರದಿಯನ್ನು ಒಟ್ಟಿಗೆ ಓದುವುದು ನಮ್ಮ ಮಟ್ಟಿಗೆ ಭಾಷಾಪಾಠ, ನಾಗರಿಕ ಪಾಠ ಎರಡೂ ಹೌದು.

ಬೆಂಗಳೂರಿನ ವೈದ್ಯ ಮೊಹಮ್ಮದ್ ಹನೀಫ್ ಪ್ರಕರಣವನ್ನು ಇಂದಿನ ಮಕ್ಕಳು ಕೇಳಿರಲಾರರು. ಆಸ್ಟ್ರೇಲಿಯದಲ್ಲಿ ಕೆಲಸ ಮಾಡುತ್ತಿದ್ದ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಅದಕ್ಕೆ ಎರಡು ದಿನ ಮೊದಲು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಜೀಪು ನುಗ್ಗಿಸಿ ದಾಳಿ ನಡೆದಿತ್ತು. ಹನೀಫರು ಬ್ರಿಟನ್ ಬಿಡುವಾಗ ಸಂಬಂಧಿಯೊಬ್ಬನಿಗೆ ಕೊಟ್ಟಿದ್ದ ಸಿಮ್ ಕಾರ್ಡ್ ಆ ಸುಟ್ಟ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು, ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಆಮೇಲೆ ಆಸ್ಟ್ರೇಲಿಯದ ಪತ್ರಕರ್ತರೇ ಸತ್ಯ ಹೊರತೆಗೆದರು. ಸಿಮ್ ಕಾರ್ಡ್ ಜೀಪಿನಲ್ಲಿ ಇರಲೇ ಇಲ್ಲ. ರಸ್ತೆಯಲ್ಲಿ 300 ಕಿ.ಮೀ.ಗೂ ದೂರದ ಲಿವರ್‌ಪೂಲಿನಲ್ಲಿ ಇತ್ತು. ಜುಲೈ 27ರಂದು ಆರೋಪ ಕೈಬಿಡಲಾಯಿತು. 2010ರಲ್ಲಿ ಅಲ್ಲಿನ ಸರಕಾರ ಪರಿಹಾರವನ್ನೂ ಕೊಟ್ಟಿತು.

ಈ ಪ್ರಕರಣದಲ್ಲಿ ಹದಿನಾಲ್ಕರ ಮಕ್ಕಳು ಕಲಿಯಬೇಕಾದದ್ದು ಒಂದಲ್ಲ, ಎರಡು. ಒಬ್ಬ ಮನುಷ್ಯನ ಬದುಕು ಒಂದು ಸಿಮ್ ಕಾರ್ಡ್ ಎಲ್ಲಿತ್ತು ಎಂಬ ಸಣ್ಣ ವಿವರದ ಮೇಲೆ ನಿಂತಿತ್ತು ಎಂಬುದು ಮೊದಲನೆಯದು. ಸುಳ್ಳನ್ನು ಹರಡಿದ್ದೂ ಪತ್ರಿಕೆಗಳೇ, ಅದನ್ನು ಬಯಲಿಗೆಳೆದದ್ದೂ ಪತ್ರಿಕೆಗಳೇ ಎಂಬುದು ಎರಡನೆಯದು. ಪತ್ರಿಕೆಗಳೆಲ್ಲ ನಮ್ಮ ವೈರಿಗಳು, ಓದಬೇಡಿ ಎಂದು ಮಕ್ಕಳಿಗೆ ಹೇಳುವ ನಮ್ಮ ಹಿರಿಯರು ಈ ಎರಡನೆಯದನ್ನು ಮರೆಯುತ್ತಾರೆ.

ಅದಿರಲಿ, ನಮ್ಮ ಅಂಗಳವನ್ನೂ ಗುಡಿಸಿಕೊಳ್ಳೋಣ. ಉರ್ದು, ಕನ್ನಡ ಎರಡರಲ್ಲೂ ಓದಿ ಬಂದ ನಮ್ಮಂಥವರು ಎರಡೂ ಭಾಷೆಗಳ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು. ಒಂದು ಕಡೆ ಬಂಧಿತ ಹುಡುಗ ವಿಚಾರಣೆಗೆ ಮೊದಲೇ 'ಉಗ್ರ'ನಾದರೆ, ಇನ್ನೊಂದು ಕಡೆ ವಿಚಾರಣೆಗೆ ಮೊದಲೇ 'ಮಾಸೂಮ್' ಆಗಿರುತ್ತಾನೆ. ಎರಡೂ ತೀರ್ಪುಗಳೇ, ಸುದ್ದಿಗಳಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದಾಗ ಇದು ಮಕ್ಕಳಾಗದಂತೆ ಮಾಡುವ ಚುಚ್ಚುಮದ್ದು ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಮ್ಮ ಮೊಹಲ್ಲಾಗಳೂ ಅದಕ್ಕೆ ಕಿವಿಗೊಟ್ಟವು. ಹೇಳಿದವನು ಯಾರು, ಅವನಿಗೆ ಹೇಳಿದವನು ಯಾರು, ಅವರು ನಂಬಿಕೆಗೆ ಅರ್ಹರೇ ಎಂದು ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದ ಹದೀಸ್ ವಿದ್ವಾಂಸರ ಪರಂಪರೆ ನಮ್ಮದೆಂದು ಹೆಮ್ಮೆಪಡುವ ನಾವು, ಹೆಸರಿಲ್ಲದ ಧ್ವನಿಮುದ್ರಿಕೆಯೊಂದನ್ನು ಕಣ್ಣುಮುಚ್ಚಿ ಮುಂದಕ್ಕೆ ಕಳಿಸಿದೆವು.

ಪಕ್ಕದ ಕೇರಳದಲ್ಲೂ ಇಂಥದೇ ವದಂತಿಗಳು ಹಬ್ಬಿದ್ದವು. ಆದರೆ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ಶುರುಮಾಡಿತು. ಅದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ, ಮನಸ್ಸು.

ನಮ್ಮಲ್ಲಿ ಈ ಮಾತೆತ್ತಿದರೆ ಬರುವ ಆಕ್ಷೇಪಗಳು ಗೊತ್ತಿರುವಂಥವೇ. ಪಠ್ಯ ಮುಗಿಸುವುದೇ ಕಷ್ಟ ಎನ್ನುತ್ತಾರೆ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ವಿಮರ್ಶಾತ್ಮಕ ಚಿಂತನೆ ಬೇಕೆಂದು 2020ರ ಶಿಕ್ಷಣ ನೀತಿಯೂ ಹೇಳಿತು. ಎರಡೂ ಕಾಗದದ ಮೇಲೆ ಸುಖವಾಗಿವೆ. ತರಗತಿಯಲ್ಲಿ ರಾಜಕೀಯ ಬೇಡ ಎನ್ನುವುದು ಎರಡನೆಯ ಆಕ್ಷೇಪ. ಇದರ ಹಿಂದೆ ಶಿಕ್ಷಕರ ನಿಜವಾದ ಭಯವೂ ಇದೆ. ಒಬ್ಬ ಪೋಷಕ ದೂರು ಕೊಟ್ಟರೆ ಅವರ ಬೆನ್ನಿಗೆ ನಿಲ್ಲುವವರಿಲ್ಲ. ಆದರೆ ಯಾವ ಪಕ್ಷ ಸರಿ ಎಂದು ಹೇಳಿಕೊಡುವುದು ಬೇರೆ, ಈ ವಾಕ್ಯಕ್ಕೆ ಆಧಾರವೇನು ಎಂದು ಕೇಳಲು ಕಲಿಸುವುದು ಬೇರೆ. ಎರಡನೆಯದನ್ನು ಮಾಡುವ ಶಿಕ್ಷಕರಿಗೆ ಇಲಾಖೆ ಲಿಖಿತವಾಗಿಯೇ ರಕ್ಷಣೆ ಕೊಡಲಿ.

ಮೂರನೆಯ ಆಕ್ಷೇಪ ನಮ್ಮವರೇ ನಡೆಸುವ ಶಾಲೆಗಳಿಂದ ಬರುತ್ತದೆ. ಇಂಥ ಸುದ್ದಿಗಳಿಂದ ಮಕ್ಕಳ ಮನಸ್ಸು ನೋಯುತ್ತದೆ, ಅವರು ಡಾಕ್ಟರು ಇಂಜಿನಿಯರು ಆಗಲಿ ಸಾಕು ಎಂದು. ಹನೀಫರು ಡಾಕ್ಟರೇ ಆಗಿದ್ದರು, ಸ್ವಾಮಿ! 2022ರಲ್ಲಿ ಉಡುಪಿಯಿಂದ ಹಿಜಾಬ್ ವಿವಾದ ಹಬ್ಬಿದಾಗ ಕ್ಯಾಮೆರಾಗಳು ಶಾಲಾ ಗೇಟುಗಳ ಮುಂದೆಯೇ ನಿಂತಿದ್ದವು, ಹದಿಹರೆಯದ ಹುಡುಗಿಯರೇ ಸುದ್ದಿಯಾದರು. ಆ ದಿನಗಳಲ್ಲಿ ಎಷ್ಟು ಶಾಲೆಗಳು ಮಕ್ಕಳನ್ನು ಕೂರಿಸಿಕೊಂಡು ಆ ವರದಿಗಳನ್ನು ಓದಿಸಿದವು? ನೋವು ಆಗಲೇ ಮೊಬೈಲಿನಲ್ಲಿ ಮನೆಗೆ ಬಂದಿತ್ತು. ಶಾಲೆಯ ಮೌನ ಅದನ್ನು ತಡೆಯಲಿಲ್ಲ, ಮಕ್ಕಳನ್ನು ಅದರ ಮುಂದೆ ಒಂಟಿಯಾಗಿ ಬಿಟ್ಟಿತು.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಎಂಟರಿಂದ ಹತ್ತನೆಯ ತರಗತಿಗೆ ವಾರಕ್ಕೊಂದು ಪೀರಿಯಡ್. ಒಂದೇ ಘಟನೆಯ ಬಗ್ಗೆ ಎರಡು ಪತ್ರಿಕೆಗಳ ವರದಿ. ಉರ್ದು ಬಲ್ಲ ಮಕ್ಕಳಿದ್ದಲ್ಲಿ ಒಂದು ಉರ್ದುವಿನದಾಗಲಿ. 'ಅಖ್ಬಾರ್' ಎಂಬುದು 'ಖಬರ್' ಪದದ ಬಹುವಚನ. ಒಂದೇ ಸುದ್ದಿಯನ್ನು ನೆಚ್ಚಬಾರದೆಂಬ ವಿವೇಕ ಆ ಹೆಸರಿನಲ್ಲೇ ಇದೆ. ಓದಿದ ಮೇಲೆ ನಾಲ್ಕು ಪ್ರಶ್ನೆಗಳು. ಇದನ್ನು ಹೇಳಿದವರು ಯಾರು? ಯಾರನ್ನು ಕೇಳಿಲ್ಲ? ಯಾವುದು ನಡೆದದ್ದು, ಯಾವುದು ಬರೆದವನ ಅಭಿಪ್ರಾಯ? ಯಾವ ಪದದ ಬದಲು ಬೇರೊಂದು ಪದ ಬಳಸಬಹುದಿತ್ತು? ಬಂಧನದ ಸುದ್ದಿಯ ತುಣುಕನ್ನು ಫೈಲಿನಲ್ಲಿಟ್ಟು, ಮುಂದೇನಾಯಿತೆಂದು ವರ್ಷವಿಡೀ ಹುಡುಕಲಿ. ಮುಖಪುಟದಲ್ಲಿ ಬಂದ ಆರೋಪ ಬಿದ್ದುಹೋದಾಗ ಅದು ಎಷ್ಟನೆಯ ಪುಟದಲ್ಲಿ, ಎಷ್ಟು ಸಾಲಿನಲ್ಲಿ ಬಂತೆಂದು ಅವರೇ ಅಳೆಯಲಿ. ಪರೀಕ್ಷೆಯ ಗದ್ಯಭಾಗದ ಕೆಳಗೂ ಇಂಥ ಒಂದು ಪ್ರಶ್ನೆ ಇರಲಿ. ಅಂಕವಿಲ್ಲದ್ದನ್ನು ನಮ್ಮ ಶಾಲೆಗಳು ಕಲಿಸುವುದಿಲ್ಲ.

ಉತ್ತರ ಕರ್ನಾಟಕದ ಕಡೆ ಎಚ್ಚರ ತಪ್ಪಿದವನನ್ನು ಕಂಡು 'ಅವಗ ಖಬರಿಲ್ಲ' ಎನ್ನುತ್ತಾರೆ. ಉರ್ದುವಿನಲ್ಲಿ ಸುದ್ದಿ ಎಂಬ ಅರ್ಥದ ಪದ ಅಲ್ಲಿನ ಕನ್ನಡದಲ್ಲಿ ಎಚ್ಚರ ಎಂಬ ಅರ್ಥ ಪಡೆದಿದೆ. ಮೊಬೈಲಿನ ತುಂಬ ಖಬರು ಸುರಿಯುತ್ತಿರುವಾಗಲೂ ಖಬರಿಲ್ಲದೆ ಬೆಳೆಯುತ್ತಿರುವ ಮಕ್ಕಳ ಬಗ್ಗೆ ಇಲಾಖೆಯೂ ನಮ್ಮ ಆಡಳಿತ ಮಂಡಳಿಗಳೂ ಉತ್ತರ ಕೊಡಬೇಕು. ಮುಂದಿನ ಶೈಕ್ಷಣಿಕ ವರ್ಷದ ಟೈಂಟೇಬಲ್ ಬರೆಯಲು ಕುಳಿತಾಗ ಆ ಒಂದು ಪೀರಿಯಡ್ಡಿಗೆ ಜಾಗ ಮಾಡುತ್ತಾರೋ ಇಲ್ಲವೋ, ನೋಡಬೇಕು.