ಕುಯ್ಯುವ ಮೇಜಿನ ಮೇಲೆ ಬಡವನೇ ಏಕೆ?

ತಲಕಾಡಿನಲ್ಲಿ ವೈದ್ಯನಾಥನಿದ್ದಾನೆ, ನಂಜನಗೂಡಿನಲ್ಲಿ ಟಿಪ್ಪು ಸುಲ್ತಾನನೇ ಹಕೀಂ ಎಂದು ಕರೆದನೆಂದು ಜನ ಹೇಳುವ ನಂಜುಂಡನಿದ್ದಾನೆ. ಇಬ್ಬರು ವೈದ್ಯರು ನಮ್ಮ ನೆರೆಯಲ್ಲಿದ್ದರೂ ದೊಡ್ಡ ಕಾಯಿಲೆ ಬಿದ್ದರೆ ನಾವು ಹತ್ತುವುದು ಮೈಸೂರಿನ ಬಸ್ಸನ್ನೇ. ಅಲ್ಲಿ ನಮ್ಮ ಹೊಟ್ಟೆಯ ಮೇಲೆ ಕತ್ತಿಯಿಡುವ ಡಾಕ್ಟರು ಮನುಷ್ಯನ ಮೈಯೊಳಗಿನ ರಚನೆಯನ್ನು ಎಲ್ಲಿ ಕಲಿತರು, ಯಾರ ಮೈಯಲ್ಲಿ ಕಲಿತರು ಎಂದು ನಾವು ಕೇಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆ. ಏಕೆಂದರೆ ಮನುಷ್ಯನ ಮೈಯನ್ನೇ ಹೋಲುವ ಕೃತಕ ಶರೀರಗಳು ಈಗ ಕಾಲೇಜುಗಳಿಗೆ ಮಾರಾಟಕ್ಕೆ ಬಂದಿವೆ.

ಡಾಕ್ಟರಿಕೆಯ ಹುಡುಗರು ಮೊದಲ ವರ್ಷ ಹೆಣ ಕುಯ್ದು ಪಾಠ ಕಲಿಯುತ್ತಾರೆ. ಪಂಚಲಿಂಗ ದರ್ಶನಕ್ಕೆ ಪಾತಾಳೇಶ್ವರನ ಗುಡಿಯ ಮರಳನ್ನು ಸರಿಸುವಂತೆ ಚರ್ಮ, ಕೊಬ್ಬು, ಸ್ನಾಯು, ನರಗಳನ್ನು ಪದರ ಪದರವಾಗಿ ಬಿಡಿಸಿ ನೋಡುತ್ತಾರೆ. ಇದಕ್ಕೆ ಬೇಕಾದ ಹೆಣ ಎಲ್ಲಿಂದ ಬರುತ್ತದೆ? ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗ, ೧೯೫೭ರಲ್ಲಿ, ಅನಾಟಮಿ ಕಾಯಿದೆ ಬಂತು. ಸರ್ಕಾರಿ ಆಸ್ಪತ್ರೆ ಮುಂತಾದ ಕಡೆ ಸತ್ತು, ಗೊತ್ತಾದ ಅವಧಿಯೊಳಗೆ ಬಂಧುಗಳು ಬಂದು ಕೇಳದ ಹೆಣವನ್ನು ವೈದ್ಯಕೀಯ ಕಾಲೇಜಿಗೆ ಕೊಡಲು ಅದು ದಾರಿ ಮಾಡಿತು. ವಿದ್ಯೆಗೆ ಇದು ಬೇಕಾಗಿತ್ತು ಎಂಬುದನ್ನು ಒಪ್ಪೋಣ. ಆದರೆ ವಾರಸುದಾರರಿಲ್ಲದೆ ಸಾಯುವವನು ಯಾರು? ಸ್ವಂತ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚುವ ಸಾಹುಕಾರನಲ್ಲ. ಊರು ಬಿಟ್ಟು ಕೂಲಿಗೆ ಬಂದವನು, ಛತ್ರದ ಜಗಲಿಯಲ್ಲಿ ಮಲಗುವ ಮುದುಕಿ, ಗಿರಣಿ ಮುಚ್ಚಿದ ಮೇಲೆ ವಿಳಾಸವೇ ಇಲ್ಲದಾದವನು. ಬದುಕಿದ್ದಾಗ ಅವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಸತ್ತ ಮೇಲೂ ಕೇಳುವುದಿಲ್ಲ.

ಇದು ನಮ್ಮ ದೇಶದಲ್ಲಿ ಹುಟ್ಟಿದ ಪದ್ಧತಿಯಲ್ಲ. ೧೮೨೮ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ೧೬ ಜನರನ್ನು ಕೊಂದು ಹೆಣಗಳನ್ನು ಅನಾಟಮಿ ಶಾಲೆಗೆ ಮಾರಿದ್ದು ಬಯಲಾಯಿತು. ಕೊಲೆಯಾದವರು ಬಡವರು, ತಿರುಕರು. ಅಂಥ ವ್ಯಾಪಾರ ನಿಲ್ಲಬೇಕೆಂದು ಬ್ರಿಟಿಷ್ ಪಾರ್ಲಿಮೆಂಟು ೧೮೩೨ರಲ್ಲಿ ಕಾಯಿದೆ ಮಾಡಿತು. ಅದರ ಫಲವೇನು? ಬಡವರ ಗಂಜಿಮನೆಗಳಲ್ಲಿ ಸತ್ತು, ಕೇಳುವವರಿಲ್ಲದವರ ಹೆಣಗಳು ಕಾಲೇಜಿನ ಮೇಜು ಸೇರಿದವು. ಕೊಲೆ ನಿಂತಿತು, ಆದರೆ ಬಡವನ ಪಾಲು ಬಡವನಿಗೇ ಉಳಿಯಿತು.

ಗೊಂಬೆಯ ಮೇಲೆ ಕಲಿಯುವುದೂ ಹೊಸದಲ್ಲ. ಕತ್ತಿ ಹಿಡಿಯುವ ಶಿಷ್ಯನು ಮೊದಲು ಕುಂಬಳ, ಸೋರೆ, ಸೌತೆಗಳನ್ನು ಕುಯ್ದು ಕೈ ಪಳಗಿಸಬೇಕೆಂದು ಸುಶ್ರುತ ಹೇಳಿದ್ದಾನೆ. ಪಟ್ಟಿ ಕಟ್ಟುವುದನ್ನು ಕಲಿಯಲು ಆಳೆತ್ತರದ ಗೊಂಬೆಯನ್ನು ಹೇಳಿದ್ದಾನೆ. ಇಟಲಿಯ ಫ್ಲಾರೆನ್ಸಿನಲ್ಲಿ ೧೭೭೫ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಮೇಣದ ಶರೀರಗಳನ್ನಿಟ್ಟರು. ಫ್ರಾನ್ಸಿನ ಡಾಕ್ಟರ್ ಓಜೂ ಕಾಗದದ ರೊಜ್ಜಿನಿಂದ ಬಿಚ್ಚಿ ಜೋಡಿಸಬಹುದಾದ ಶರೀರಗಳನ್ನು ಮಾಡಿದ. ತನ್ನ ಹುಟ್ಟೂರಿನಲ್ಲೇ ಕಾರ್ಖಾನೆ ತೆಗೆದು ಹಳ್ಳಿಯವರಿಗೆ ಆ ಕೆಲಸ ಕಲಿಸಿದ. ಇಂದು ಅಮೆರಿಕದ ಕಂಪನಿಯೊಂದು ನೀರು, ನಾರು, ಉಪ್ಪುಗಳಿಂದ ಮಾಡಿದ ಮೈಯನ್ನು ಮಾರುತ್ತಿದೆ. ಅದರ ಚರ್ಮವನ್ನು ಕುಯ್ಯಬಹುದು, ಸ್ನಾಯುವನ್ನು ಬಿಡಿಸಬಹುದು.

ಇದರಿಂದ ಲಾಭವುಂಟು. ತಪ್ಪಿದರೆ ಮತ್ತೆ ಮಾಡಬಹುದು. ಇನ್ನೊಂದು ಲಾಭವನ್ನು ಕೆಲಸಗಾರರಾದ ನಾವು ಮರೆಯಬಾರದು. ಹೆಣ ಕೆಡದಂತೆ ಹಾಕುವ ಫಾರ್ಮಲಿನ್ನಿನ ಘಾಟು ಹುಡುಗರಿಗೆ ಒಂದು ವರ್ಷದ ಮಾತು, ಹೆಣ ಎತ್ತಿಳಿಸುವ ಅಟೆಂಡರಿಗೆ ಇಡೀ ನೌಕರಿಯ ಮಾತು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲೇ ತೀರ್ಮಾನಿಸಿದೆ. ಕೃತಕ ಶರೀರ ಬಂದಷ್ಟೂ ಆ ಘಾಟು ಕಡಮೆಯಾಗುತ್ತದೆ.

ಹಾಗಾದರೆ ಹೆಣವೇ ಬೇಡವೇ? ಅದೂ ಸರಿಯಲ್ಲ. ನರಸೀಪುರದಲ್ಲಿ ರೇಷ್ಮೆನೂಲು ಬಿಚ್ಚುವವರನ್ನು ಕೇಳಿ. ಒಂದು ಗೂಡಿನಂತೆ ಇನ್ನೊಂದಿಲ್ಲ. ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವುದನ್ನು ಗೋಡೆಯ ಮೇಲಿನ ಚಿತ್ರ ನೋಡಿ ಯಾರೂ ಕಲಿತಿಲ್ಲ. ಮನುಷ್ಯರ ಮೈಯೂ ಹಾಗೆಯೇ. ಒಬ್ಬನ ರಕ್ತನಾಳ ಹರಿದ ದಾರಿಯಲ್ಲೇ ಇನ್ನೊಬ್ಬನದು ಹರಿಯಬೇಕೆಂದಿಲ್ಲ. ಅಚ್ಚಿನಲ್ಲಿ ಎರೆದ ಶರೀರಗಳು ಮಾತ್ರ ಒಂದೇ ತೆರ. ಅವುಗಳ ಮೇಲಷ್ಟೇ ಕಲಿತವನು ವ್ಯತ್ಯಾಸವನ್ನು ಮೊದಲ ಸಲ ನೋಡುವುದು ಜೀವಂತ ರೋಗಿಯ ಮೈಯಲ್ಲಿ. ಆ ರೋಗಿ ನೀವಾಗಬಹುದು, ನಾನಾಗಬಹುದು.

ಬೆಲೆಯ ಮಾತೂ ಇದೆ. ಇಂಥ ಪೂರ್ಣ ಶರೀರಕ್ಕೆ ಹತ್ತಾರು ಸಾವಿರ ಡಾಲರು. ಲಕ್ಷಗಟ್ಟಲೆ ಫೀಸು ಎಣಿಸಿಕೊಳ್ಳುವ ಖಾಸಗಿ ಕಾಲೇಜು ಅದನ್ನು ಕೊಂಡು ಜಾಹಿರಾತಿನಲ್ಲಿ ಹಾಕಿಕೊಳ್ಳಬಲ್ಲದು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಬಂದ ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ಕಡೆ ಓದುವ ಬಡವರ ಮಕ್ಕಳಿಗೂ ಅದು ಸಿಗಬೇಡವೇ? ಓಜೂ ಹಳ್ಳಿಯವರಿಂದ ಮಾಡಿಸಿದ್ದನ್ನು ನಮ್ಮ ಚನ್ನಪಟ್ಟಣದ ಗೊಂಬೆಯ ಕಸಬುದಾರರೂ ನಮ್ಮ ಇಂಜಿನಿಯರುಗಳೂ ಸೇರಿ ಮಾಡಲಾರರೇ? ಸರ್ಕಾರ ಮನಸ್ಸು ಮಾಡಿದರೆ ಸಾಧ್ಯವಾಗದ ಕೆಲಸವಲ್ಲ.

ಇನ್ನು ನಿಜವಾದ ಶರೀರ. ಅದು ದಾನವಾಗಿ ಬರಬೇಕು. ೨೦೧೦ರಲ್ಲಿ ಬೆಳಗಾವಿಯ ಡಾಕ್ಟರ್ ಮಹಾಂತೇಶ ರಾಮಣ್ಣವರ್, ದೇಹದಾನ ಮಾಡಿ ಹೋಗಿದ್ದ ತಮ್ಮ ತಂದೆಯ ಶರೀರವನ್ನೇ ವಿದ್ಯಾರ್ಥಿಗಳ ಮುಂದೆ ಬಿಡಿಸಿ ಪಾಠ ಹೇಳಿದರು. ಅದೇ ವರ್ಷ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ತೀರಿಕೊಂಡಾಗ ಅವರ ದೇಹವನ್ನು ಅವರ ಇಚ್ಛೆಯಂತೆ ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗೆ ಒಪ್ಪಿಸಿದರು. ಡಾಕ್ಟರು, ಮಂತ್ರಿ, ಸಾಹುಕಾರರು ತಾವಾಗಿ ಆ ಮೇಜಿಗೆ ಬಂದರೆ ಅನಾಥನನ್ನು ಎಳೆದು ತರುವ ಅಗತ್ಯವಿರುವುದಿಲ್ಲ. ಹೂಳುವುದೋ ಸುಡುವುದೋ ತಮ್ಮ ಧರ್ಮವೆಂದು ನಂಬಿದವರನ್ನು ಯಾರೂ ಬಲವಂತ ಮಾಡಕೂಡದು. ಅದೇ ಗೌರವ ಹೆಸರಿಲ್ಲದವನಿಗೂ ಸಲ್ಲಬೇಕು.

ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು. ಸರ್ಕಾರಿ ಕಾಲೇಜುಗಳಿಗೆ ಒಳ್ಳೆಯ ಕೃತಕ ಶರೀರಗಳನ್ನು ಸರ್ಕಾರವೇ ಒದಗಿಸಬೇಕು, ಹುಡುಗರ ಮೊದಲ ಕೈ ಅವುಗಳ ಮೇಲೆ ಪಳಗಬೇಕು. ದೇಹದಾನದ ಅರ್ಜಿ ತಾಲ್ಲೂಕು ಆಸ್ಪತ್ರೆಯಲ್ಲೂ ಕೈಗೆ ಸಿಗಬೇಕು. ವಾರಸುದಾರರಿಲ್ಲವೆಂದು ಬರೆಯುವ ಮುಂಚೆ ಸತ್ತವನ ಊರಿಗೆ, ಪಂಚಾಯಿತಿಗೆ, ದುಡಿದ ಕಾರ್ಖಾನೆಗೆ ಸುದ್ದಿ ಮುಟ್ಟಿಸಬೇಕು. ನಮ್ಮ ಪಾಲಿನ ಕೆಲಸವೂ ಒಂದಿದೆ. ಪಕ್ಕದ ಮಗ್ಗದಲ್ಲಿ ದುಡಿಯುವವನ, ಅಂಗಡಿಯ ಮುಂದೆ ಮೂಟೆ ಹೊರುವವನ ಊರು ಯಾವುದು, ಅವನಿಗೆ ಯಾರಿದ್ದಾರೆ ಎಂದು ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ನಾಳೆ ಅವನು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರೆ ನಮ್ಮವನೆಂದು ಹೇಳಲು ನಾಲ್ಕು ಜನರಾದರೂ ಹೋಗಬೇಕು.